ಮೊತ್ತ ಯಾರಿಗೆ ಕಾಣುತ್ತೆ? ಬಾಜಿ ಬರೆದುಕೊಂಡ ಯಂತ್ರಗಳ ಕಥೆ

ಭಾಗ 1

ಹೋದ ತಿಂಗಳು ದಾವಣಗೆರೆಯ ಕಾಟನ್ ಮಿಲ್‌ಗಳ ಬಗ್ಗೆ ಸೀರೀಸ್ ಹಾಕಿದ್ದೆನಲ್ಲ, ಆಗ ಜಗಳೂರಿನ ಕ್ಲಾಸ್‌ಮೇಟ್ ಒಬ್ಬ ಮೆಸೇಜ್ ಮಾಡಿದ್ದ: "ಹತ್ತಿ ಕಥೆ ಎಲ್ಲಾ ಹೇಳ್ದೆ, ಓಸಿ ಕಥೆ ಯಾಕೋ ಬಿಟ್ಟೆ? ಅದೂ ಹತ್ತಿಯಿಂದ್ಲೇ ಹುಟ್ಟಿದ್ದಲ್ವೇನೋ?" ಅವನು ತಮಾಷೆಗೆ ಕೇಳಿದ್ದು. ಆದ್ರೆ ಮಾತು ನಿಜ. ಅದನ್ನ ಹುಡುಕ್ತಾ ಹೋದ್ರೆ ಎಲ್ಲೆಲ್ಲಿಗೋ ಹೋಯ್ತು. ನ್ಯೂಜಿಲೆಂಡಿನ ಕುದುರೆ ರೇಸಿಗೆ, ಅಮೆರಿಕದ ಮೊದಲ ಕಂಪ್ಯೂಟರ್ ಕಂಪನಿಗೆ, ಬೆಂಗಳೂರಿನಲ್ಲಿ ಅಚ್ಚಾಗ್ತಿದ್ದ ಒಂದು ಕ್ರೀಡಾ ವಾರಪತ್ರಿಕೆಗೆ, ಕೊನೆಗೆ ನಮ್ಮ ಜೇಬಿನ ಫೋನಿಗೆ. ಎಂಟು ಭಾಗ ಇದೆ. ನಿಧಾನಕ್ಕೆ ಓದಿ.

ಮೊದ್ಲು ಓಸಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಕಡೆಯವರೇ ಆಗಿರಿ, ಪತ್ರಿಕೆಯ ಜಿಲ್ಲಾ ಪುಟದಲ್ಲಿ "ಓಸಿ ಬರೆಯುತ್ತಿದ್ದವನ ಬಂಧನ" ಅನ್ನೋ ಎರಡು ಸಾಲಿನ ಸುದ್ದಿ ಓದೇ ಇರ್ತೀರಿ. ಕರ್ನಾಟಕ ಪೊಲೀಸ್ ಕಾಯ್ದೆ, ಕಲಂ 78. ಓಸಿ ಅಂದ್ರೆ ಓಪನ್-ಕ್ಲೋಸ್. ಬಿಕಾಂ ಓದೋರಿಗೆ ಈ ಎರಡು ಪದ ಕೇಳಿದ ತಕ್ಷಣ ಷೇರು ಮಾರುಕಟ್ಟೆ ನೆನಪಾಗಬೇಕು. ಸರಿಯಾಗೇ ನೆನಪಾಗುತ್ತೆ, ಯಾಕಂದ್ರೆ ಪದ ಬಂದಿದ್ದೇ ಮಾರುಕಟ್ಟೆಯಿಂದ. ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜಿನ ಹತ್ತಿ ದರ ಟೆಲಿಪ್ರಿಂಟರ್ ಮೂಲಕ ಬಾಂಬೆಯ ಕಾಟನ್ ಎಕ್ಸ್‌ಚೇಂಜಿಗೆ ಬರ್ತಿತ್ತು. ಬೆಳಗಿನ ಓಪನಿಂಗ್ ದರ ಎಷ್ಟು, ಸಂಜೆ ಕ್ಲೋಸಿಂಗ್ ದರ ಎಷ್ಟು ಅಂತ ಜನ ಬಾಜಿ ಕಟ್ಟೋರು. 1961ರಲ್ಲಿ ಆ ದರ ಬರೋದು ನಿಂತೋಯ್ತು. ಆದ್ರೆ ಜನಕ್ಕೆ ಚಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಹತ್ತಿಯ ಜಾಗಕ್ಕೆ ಇಸ್ಪೀಟ್ ಎಲೆ ತಂದ್ರು. ಮೂರು ಎಲೆ ತೆಗೀಬೇಕು, ಅಂಕಿ ಕೂಡಿಸಿ ಕೊನೆಯ ಅಂಕಿ ಹಿಡೀಬೇಕು, ಅದೇ ಓಪನ್. ಇನ್ನೊಮ್ಮೆ ಮೂರು ಎಲೆ, ಅದು ಕ್ಲೋಸ್. ಮಾರುಕಟ್ಟೆ ಹೋಯ್ತು, ಮಾರುಕಟ್ಟೆಯ ಭಾಷೆ ಮಾತ್ರ ಉಳೀತು.

ಈಗ ನಾನು ಹೇಳೋಕೆ ಹೊರಟಿರೋದು ಗೆದ್ದವರು ಸೋತವರ ಕಥೆ ಅಲ್ಲ. ಲೆಕ್ಕದ ಕಥೆ. ಓಸಿ ಬರೆಯುವವನ ಕೆಲಸ ನೋಡಿ: ಚೀಟಿಯಲ್ಲಿ ನಂಬರು, ಪಕ್ಕದಲ್ಲಿ ದುಡ್ಡು. ಸಂಜೆಯೊಳಗೆ ಎಲ್ಲ ಚೀಟಿ ಒಟ್ಟು ಮಾಡಿ, ಯಾವ ನಂಬರಿಗೆ ಎಷ್ಟು ಅಂತ ಕೂಡಿ, ಮೇಲಿನವನಿಗೆ ಮುಟ್ಟಿಸಬೇಕು. ಒಂದೇ ನಂಬರಿಗೆ ಜಾಸ್ತಿ ದುಡ್ಡು ಬಿದ್ದಿದ್ರೆ ಅವನು ಅದರಲ್ಲಿ ಸ್ವಲ್ಪವನ್ನ ಇನ್ನೂ ಮೇಲಿನವನಿಗೆ ದಾಟಿಸ್ತಾನೆ. ಚೀಟಿ ಬರೆಸಿದವನಿಗೆ ಕಾಣೋದು ತನ್ನ ಒಂದು ಚೀಟಿ. ಒಟ್ಟು ಮೊತ್ತ ಕಾಣೋದು ಮೇಲಿನವನಿಗೆ ಮಾತ್ರ.

ಒಂದು ರೂಪಾಯಿಗೆ 80 ರೂಪಾಯಿ ಅಂತ ಕೂಗ್ತಾರೆ ಅಂದ್ಕೊಳ್ಳಿ. 00ರಿಂದ 99ರ ತನಕ ನೂರು ಜೋಡಿ. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದ್ರೆ 100 ಹೋಗುತ್ತೆ, 80 ಬರುತ್ತೆ. ಈ ಒಂದು ಸಾಲಿನ ಲೆಕ್ಕ ಯಾವ ಚೀಟಿಯ ಮೇಲೂ ಬರೆದಿರಲ್ಲ.

ಭಾಗ 2

ಇದಕ್ಕೆ ಪೂರ್ತಿ ಉಲ್ಟಾ ಆದ ವ್ಯವಸ್ಥೆ ಒಂದಿದೆ. ಅಲ್ಲಿ ಒಟ್ಟು ಮೊತ್ತವನ್ನ ಎಲ್ಲರಿಗೂ ಕಾಣೋ ಹಾಗೆ ಬೋರ್ಡಿಗೆ ಹಾಕ್ತಾರೆ. ಹೆಸರು ಪ್ಯಾರಿ ಮ್ಯೂಚುವಲ್. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಓಲರ್ ಅನ್ನೋನು ಶುರು ಮಾಡಿದ್ದು. ಈ ಮನುಷ್ಯನೇ ಮುಂದೆ ಮೂಲಾಂ ರೂಜ್ ಅನ್ನೋ ಪ್ರಸಿದ್ಧ ನಾಟ್ಯಶಾಲೆ ಕಟ್ಟಿದ್ದು ಕೂಡ!

ಉದಾಹರಣೆ ನಮ್ಮದೇ ಇರಲಿ. ಒಂದು ರೇಸು, ನಾಲ್ಕು ಕುದುರೆ. ಹೆಸರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. (ನ್ಯಾಮತಿಯವರೇ, ತಾಲ್ಲೂಕು ಆಗಿ ಕೆಲವೇ ವರ್ಷ ಆಯ್ತು ಅಂತ ನಿಮ್ಮನ್ನ ಬಿಟ್ಟಿಲ್ಲ.) ಜನ ಕಟ್ಟಿದ ದುಡ್ಡು: ಚನ್ನಗಿರಿ ಮೇಲೆ 5,000, ಹೊನ್ನಾಳಿ ಮೇಲೆ 2,500, ನ್ಯಾಮತಿ ಮೇಲೆ 1,500, ಜಗಳೂರು ಮೇಲೆ 1,000. ಒಟ್ಟು 10,000 ರೂಪಾಯಿ. ಇದರಲ್ಲಿ ಕ್ಲಬ್ಬಿನ ಕಮಿಷನ್, ತೆರಿಗೆ ಎಲ್ಲ ಸೇರಿ ನೂರಕ್ಕೆ 20 ತೆಗೀರಿ. ಉಳಿದದ್ದು 8,000. ಗೆದ್ದ ಕುದುರೆ ಮೇಲೆ ಕಟ್ಟಿದವರು ಇದನ್ನ ಹಂಚ್ಕೋಬೇಕು, ಅಷ್ಟೇ.

ಚನ್ನಗಿರಿ ಗೆದ್ರೆ ರೂಪಾಯಿಗೆ 1.60. ಹೊನ್ನಾಳಿ ಗೆದ್ರೆ 3.20. ಜಗಳೂರು ಗೆದ್ರೆ 8. ನ್ಯಾಮತಿ ಗೆದ್ರೆ 5.33 ಬರುತ್ತೆ, ಆದ್ರೆ 5.30 ಕೊಟ್ಟು ಉಳಿದ ಚಿಲ್ಲರೆಯನ್ನ ಕ್ಲಬ್ಬೇ ಇಟ್ಕೊಳ್ಳುತ್ತೆ. ಚಿಲ್ಲರೆ ಅಂತ ನಗಬೇಡಿ, ವರ್ಷವಿಡೀ ಕೂಡಿದ್ರೆ ಅದೇ ದೊಡ್ಡ ಬಾಬ್ತು.

ಯಾವ ಕುದುರೆ ಗೆದ್ರೂ ನಡೆಸೋನಿಗೆ ಸಿಗೋದು ಅದೇ 2,000. ಅವನಿಗೆ ಯಾವ ಕುದುರೆ ಮೇಲೂ ಪ್ರೀತಿ ಇಲ್ಲ. ಅದಕ್ಕೇ ಮೊತ್ತವನ್ನ ಬಚ್ಚಿಡೋ ಅವಶ್ಯಕತೆಯೂ ಇಲ್ಲ.

ಆದ್ರೆ ಇಲ್ಲೊಂದು ಕಷ್ಟ ಇದೆ. ಕೊನೇ ನಿಮಿಷದಲ್ಲಿ ಯಾರೋ ಬಂದು ಜಗಳೂರಿನ ಮೇಲೆ ಇನ್ನೂ 500 ಕಟ್ಟಿದ್ರು ಅನ್ನಿ. ಒಟ್ಟು 10,500 ಆಯ್ತು, ಕಮಿಷನ್ ಕಳೆದ್ರೆ 8,400, ಜಗಳೂರಿನ ಮೇಲೆ 1,500. ರೂಪಾಯಿಗೆ 8 ಇದ್ದದ್ದು 5.60ಕ್ಕೆ ಇಳೀತು. ಅಂದ್ರೆ ಪ್ರತಿ ಟಿಕೆಟ್ಟೂ ಎಲ್ಲರ ಲೆಕ್ಕವನ್ನ ಬದಲಾಯಿಸುತ್ತೆ. ಒಂದೇ ಕಿಟಕಿ ಇದ್ರೆ ಪುಸ್ತಕದಲ್ಲಿ ಬರೀಬಹುದು. ಇಪ್ಪತ್ತು ಮೂವತ್ತು ಕಿಟಕಿಯಲ್ಲಿ ಏಕಕಾಲಕ್ಕೆ ಟಿಕೆಟ್ ಹರೀತಾ ಇದ್ರೆ, ಕುದುರೆ ಓಡೋಕೆ ಶುರು ಮಾಡೋ ಮುಂಚೆ ಒಟ್ಟು ಲೆಕ್ಕ ಮುಗೀಬೇಕಿದ್ರೆ, ಕೈಯಲ್ಲಿ ಆಗೋ ಕೆಲಸ ಅಲ್ಲ. ಕೈಲೆಕ್ಕದಲ್ಲಿ ಕೂಡೋ ತಪ್ಪು ಆಗುತ್ತೆ. ಅದಕ್ಕಿಂತ ಕೆಟ್ಟದ್ದು, ಕುದುರೆ ಓಡಿದ ಮೇಲೆ ಒಂದೆರಡು ಟಿಕೆಟ್ ಒಳಗೆ ನುಸುಳುತ್ತೆ. ಕ್ಯಾಷ್ ಬುಕ್ ಕ್ಲೋಸ್ ಮಾಡಿದ ಮೇಲೆ ಎಂಟ್ರಿ ಹಾಕಿದ ಹಾಗೆ.

ಭಾಗ 3

ಇಲ್ಲಿ ಬರ್ತಾರೆ ಜಾರ್ಜ್ ಜೂಲಿಯಸ್. ನನಗೆ ಈ ಸೀರೀಸ್‌ನಲ್ಲಿ ತುಂಬ ಇಷ್ಟ ಆದ ವ್ಯಕ್ತಿ.

1873ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಹುಟ್ಟಿದ್ದು. ಅಪ್ಪ ಪಾದ್ರಿ, ಮುಂದೆ ನ್ಯೂಜಿಲೆಂಡಿನ ಆರ್ಚ್‌ಬಿಷಪ್ ಆದವರು. ಮಗ ಇಂಜಿನಿಯರ್ ಆಗಿ ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೆ ಸೇರ್ಕೊಂಡ. ಅವನು ಮೊದಲು ಯೋಚನೆ ಮಾಡಿದ್ದು ಜೂಜಿನ ಯಂತ್ರವನ್ನ ಅಲ್ಲವೇ ಅಲ್ಲ, ಮತ ಎಣಿಸೋ ಯಂತ್ರವನ್ನ! ಸರ್ಕಾರ ಬೇಡ ಅಂತು. ಆಗ ಯಾರೋ ರೇಸ್‌ಕೋರ್ಸಿನ ಕಷ್ಟ ಹೇಳಿದ್ರು. ಮತ ಎಣಿಸೋದಕ್ಕೂ ಟಿಕೆಟ್ ಎಣಿಸೋದಕ್ಕೂ ಲೆಕ್ಕದಲ್ಲಿ ಏನು ವ್ಯತ್ಯಾಸ? ಅಭ್ಯರ್ಥಿ ಬದಲು ಕುದುರೆ. ಬೂತಿನ ಬದಲು ಟಿಕೆಟ್ ಕಿಟಕಿ. ಮುಗೀತು. (ಇವತ್ತು ನಮ್ಮ ಮತಯಂತ್ರಗಳನ್ನ ತಯಾರಿಸೋ ಎರಡು ಕಂಪನಿಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಜೂಲಿಯಸ್ ಇದನ್ನ ನೋಡಿದ್ರೆ ಹೊಟ್ಟೆ ಉರ್ಕೊಳ್ತಿದ್ನೋ ಏನೋ.)

1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಹತ್ತಿರದ ಎಲ್ಲರ್ಸ್ಲಿ ರೇಸ್‌ಕೋರ್ಸ್‌ನಲ್ಲಿ ಮೊದಲ ಆಟೋಮ್ಯಾಟಿಕ್ ಟೋಟಲೈಸೇಟರ್ ನಿಂತಿತು. ಜನ ಟೋಟ್ ಅಂತಾರೆ. ಎರಡನೇ ಸ್ಲೈಡಿನಲ್ಲಿ ನಾನು ಬಿಡಿಸಿರೋ ಚಿತ್ರ ನೋಡಿ. ಕೈ ಅಷ್ಟು ಚೆನ್ನಾಗಿಲ್ಲ, ಬೈಬೇಡಿ. ಒಂದು ಇಡೀ ಕಟ್ಟಡದಷ್ಟು ದೊಡ್ಡ ಯಂತ್ರ. ಒಳಗೆ ಪಿಯಾನೋ ತಂತಿ, ಸೈಕಲ್ ಚೈನು, ರಾಟೆ, ಹಲ್ಲುಚಕ್ರ. ಕರೆಂಟ್ ಇಲ್ಲ. ಬಾವಿಗೆ ಕೊಡ ಬಿಟ್ಟ ಹಾಗೆ ಭಾರದ ಕಬ್ಬಿಣದ ಗುಂಡು ಕೆಳಗೆ ಇಳೀತಾ ಇದ್ರೆ ಆ ಎಳೆತದಲ್ಲೇ ಯಂತ್ರ ತಿರುಗಬೇಕು.

ಅದರ ಜಾಣತನ ಇರೋದು ಕೂಡೋದರಲ್ಲಿ. ಎರಡು ಕಿಟಕಿಯವರು ಒಂದೇ ಕ್ಷಣದಲ್ಲಿ ಒಂದೇ ಕುದುರೆಗೆ ಲಿವರ್ ಎಳೆದ್ರೆ ಏನಾಗಬೇಕು? ಒಂದು ಎಣಿಕೆ ತಪ್ಪಿ ಹೋಗಬಾರದು, ಒಬ್ಬರು ಇನ್ನೊಬ್ಬರಿಗೆ ಕಾಯಬಾರದು. ಜೂಲಿಯಸ್ ಹಲ್ಲುಚಕ್ರಗಳನ್ನ ಹೇಗೆ ಜೋಡಿಸಿದ ಅಂದ್ರೆ, ಎರಡು ಕಡೆಯಿಂದ ತಿರುಗಿದ್ದು ಮೂರನೇ ಚಕ್ರದಲ್ಲಿ ಕೂಡ್ಕೊಂಡು ಬರಬೇಕು. ಅಂಥ ಜೋಡಿಗಳನ್ನ ಒಂದರ ಮೇಲೊಂದು ಪೋಣಿಸುತ್ತಾ ಹೋದ್ರೆ ಎಲ್ಲ ಕಿಟಕಿಯ ಲೆಕ್ಕ ಒಂದೇ ದಂಡಕ್ಕೆ ಬಂದು ಸೇರುತ್ತೆ. ಆ ದಂಡ ತಿರುಗಿದ ಹಾಗೆ ಹೊರಗಡೆ ಬೋರ್ಡಿನಲ್ಲಿ ಅಂಕಿ ಬದಲಾಗುತ್ತೆ. ನಮ್ಮ ತಾಲ್ಲೂಕು ಆಫೀಸಿನ ಮುಂದೆ ಸರ್ವರ್ ಡೌನ್ ಅಂತ ಅರ್ಧ ದಿನ ನಿಂತವರಿಗೆ ಇದರ ಬೆಲೆ ಗೊತ್ತಾಗುತ್ತೆ. ನೂರು ವರ್ಷದ ಹಿಂದೆ, ಕರೆಂಟೂ ಇಲ್ಲದೆ, ಹಲವಾರು ಕೌಂಟರಿನ ಲೆಕ್ಕ ಒಂದೇ ಕಡೆ ಆ ಕ್ಷಣದಲ್ಲೇ ಕೂಡ್ತಿತ್ತು.

ಇನ್ನೊಂದು ಮುಖ್ಯ ವಿಷಯ, ಬೀಗ. ರೇಸ್ ಶುರುವಾದ ತಕ್ಷಣ ಟಿಕೆಟ್ ಕೊಡೋ ಯಂತ್ರಗಳನ್ನೆಲ್ಲ ಒಟ್ಟಿಗೆ ಲಾಕ್ ಮಾಡಬಹುದಿತ್ತು. ಆಮೇಲೆ ಯಾರಪ್ಪ ಬಂದ್ರೂ ಟಿಕೆಟ್ ಇಲ್ಲ. ಟಿಕೆಟ್ ಹರಿಯೋದು, ಎಣಿಸೋದು, ಬೋರ್ಡಿಗೆ ಹಾಕೋದು ಮೂರೂ ಒಂದೇ ಎಳೆತದಲ್ಲಿ ಆಗೋದ್ರಿಂದ, ಎಣಿಕೆಗೆ ಬಾರದ ಟಿಕೆಟ್ ಹೊರಗೆ ಬರೋಕೆ ಸಾಧ್ಯ ಇರಲಿಲ್ಲ. ಆಡಿಟಿಂಗ್ ಪೇಪರಿನಲ್ಲಿ ಇಂಟರ್ನಲ್ ಚೆಕ್ ಅಂತ ಒಂದು ಅಧ್ಯಾಯ ಓದಿ ಬೋರ್ ಆಗಿದೀವಲ್ಲ, ಅದನ್ನ ಕಬ್ಬಿಣದಲ್ಲಿ ಎರಕ ಹೊಯ್ದ ಹಾಗೆ.

1917ರಲ್ಲಿ ಆಟೋಮ್ಯಾಟಿಕ್ ಟೋಟಲೈಸೇಟರ್ಸ್ ಅನ್ನೋ ಕಂಪನಿ ಆಯ್ತು, ಯಂತ್ರ ಬೇರೆ ಬೇರೆ ದೇಶಗಳಿಗೆ ಹೋಯ್ತು. 1926ರಲ್ಲಿ ಜೂಲಿಯಸ್ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಮಂಡಳಿಯ ಮೊದಲ ಅಧ್ಯಕ್ಷ ಆದ.

ಭಾಗ 4

ಅಮೆರಿಕದ ಕಥೆ ಚಿಕ್ಕದು, ಆದ್ರೆ ಬಿಡೋ ಹಾಗಿಲ್ಲ.

ಹ್ಯಾರಿ ಸ್ಟ್ರಾಸ್ ಅನ್ನೋ ಇಂಜಿನಿಯರ್ 1927ರಲ್ಲಿ ರೇಸಿಗೆ ಹೋಗಿದ್ದನಂತೆ. ಬೋರ್ಡಿನಲ್ಲಿ ಕಂಡ ದರವೇ ಬೇರೆ, ಗೆದ್ದ ಮೇಲೆ ಕೈಗೆ ಬಂದ ದುಡ್ಡೇ ಬೇರೆ, ಅದೂ ಎಷ್ಟೋ ಪಟ್ಟು ಕಡಿಮೆ. ಬೇರೆಯವರಾಗಿದ್ರೆ ಕೌಂಟರಿನಲ್ಲಿ ಜಗಳ ಆಡಿ ಮನೆಗೆ ಹೋಗ್ತಿದ್ರು. ಇವನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸೋ ಥರದ ವಿದ್ಯುತ್ ಸ್ವಿಚ್ಚುಗಳನ್ನ ಇಟ್ಕೊಂಡು ತನ್ನದೇ ಟೋಟ್ ಯಂತ್ರ ಮಾಡಿದ. 1933ರಲ್ಲಿ ಶಿಕಾಗೋದ ಆರ್ಲಿಂಗ್ಟನ್ ಪಾರ್ಕಿನಲ್ಲಿ ಅದು ಕೆಲಸಕ್ಕೆ ನಿಂತಿತು. ಕಂಪನಿ ಹೆಸರು ಅಮೆರಿಕನ್ ಟೋಟಲೈಸೇಟರ್.

ಈಗ 1948ಕ್ಕೆ ಬನ್ನಿ. ಎನಿಯಾಕ್ ಅಂತ ಕಂಪ್ಯೂಟರ್ ಫಂಡಮೆಂಟಲ್ಸ್ ಪುಸ್ತಕದ ಮೊದಲ ಪುಟದಲ್ಲೇ ಇರುತ್ತಲ್ಲ, 1946ರ ಯಂತ್ರ, ಅದನ್ನ ಮಾಡಿದ ಎಕರ್ಟ್ ಮತ್ತು ಮಾಕ್ಲಿ ಸ್ವಂತ ಕಂಪನಿ ಶುರು ಮಾಡಿದ್ರು. ಕೈಯಲ್ಲಿ ಆರ್ಡರ್ ಇದೆ, ದುಡ್ಡಿಲ್ಲ. ಅವರಿಗೆ ಸುಮಾರು 5 ಲಕ್ಷ ಡಾಲರ್ ಹಾಕಿ, ನೂರಕ್ಕೆ 40ರಷ್ಟು ಪಾಲು ತಗೊಂಡು ಕೈ ಹಿಡಿದದ್ದು ಇದೇ ಟೋಟ್ ಕಂಪನಿ. ಸ್ಟ್ರಾಸ್‌ಗೆ ಒಂದು ವಿಷಯ ಅರ್ಥ ಆಗಿತ್ತು: ತಾನು ರೇಸ್‌ಕೋರ್ಸಿನಲ್ಲಿ ಮಾಡ್ತಿರೋದನ್ನೇ ಈ ಹುಡುಗರು ಬಲ್ಬುಗಳಲ್ಲಿ, ಸಾವಿರ ಪಟ್ಟು ವೇಗದಲ್ಲಿ ಮಾಡ್ತಿದ್ದಾರೆ.

1949ರ ಅಕ್ಟೋಬರಿನಲ್ಲಿ ಸ್ಟ್ರಾಸ್ ವಿಮಾನ ಅಪಘಾತದಲ್ಲಿ ತೀರಿಕೊಂಡ. ಟೋಟ್ ಕಂಪನಿ ಕೈ ಬಿಟ್ಟಿತು. 1950ರಲ್ಲಿ ಎಕರ್ಟ್-ಮಾಕ್ಲಿ ಕಂಪನಿಯನ್ನ ರೆಮಿಂಗ್ಟನ್ ರ‍್ಯಾಂಡ್‌ಗೆ ಮಾರಬೇಕಾಯ್ತು. ಅವರ ಯುನಿವ್ಯಾಕ್ ಕಂಪ್ಯೂಟರ್ 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಹೋಯ್ತು. ಪುಸ್ತಕದಲ್ಲಿ ಯುನಿವ್ಯಾಕ್ ಹೆಸರು ಬರುತ್ತೆ, ಜನಗಣತಿ ಬರುತ್ತೆ. ಕುದುರೆ ರೇಸಿನ ದುಡ್ಡು ಬರಲ್ಲ. ಮರ್ಯಾದೆ ಪ್ರಶ್ನೆ ಇರ್ಬೇಕು.

ಭಾಗ 5

ಈಗ ನಮ್ಮ ರಾಜ್ಯಕ್ಕೆ. ಯಂತ್ರ ಇಲ್ಲದೇನೇ ದೇಶದ ಬೇರೆ ಬೇರೆ ಕಡೆಯ ಚೀಟಿಗಳನ್ನ ಒಂದೇ ಕಡೆ ತಂದು ಗುಡ್ಡೆ ಹಾಕಿದ ಕಥೆ ಇದು. ಲಾ ಓದೋ ಸೀನಿಯರ್ಸ್‌ಗೆ ಗೊತ್ತಿರುತ್ತೆ, ನಮಗೆ ಯಾರೂ ಹೇಳಿರಲ್ಲ.

ಸ್ಪೋರ್ಟಿಂಗ್ ಸ್ಟಾರ್ ಅಂತ ಒಂದು ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗ್ತಿತ್ತು. ಆರ್‌ಎಂಡಿಸಿ (ಮೈಸೂರು) ಲಿಮಿಟೆಡ್ ಅನ್ನೋ ಕಂಪನಿ ಅದರ ಮೂಲಕ ಪದಬಂಧ ಸ್ಪರ್ಧೆ ನಡೆಸ್ತಿತ್ತು. ಆರ್‌ಎಂಡಿಸಿ ಅಂದ್ರೆ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ, ಅದನ್ನ ಕಟ್ಟಿದವರು. ಪದಬಂಧ ಅಂದ ತಕ್ಷಣ ಭಾನುವಾರದ ಪುರವಣಿ ನೆನಪು ಮಾಡ್ಕೋಬೇಡಿ. ಇಲ್ಲಿ ಪ್ರವೇಶ ಶುಲ್ಕ ಇತ್ತು, ದೊಡ್ಡ ಬಹುಮಾನ ಇತ್ತು. ಒಂದೇ ಸುಳಿವಿಗೆ ಎರಡು ಪದ ಹೊಂದ್ತಿತ್ತು. ಸರಿ ಉತ್ತರ ಅಂದ್ರೆ ಅವರು ಮೊದಲೇ ಆರಿಸಿ ಮುಚ್ಚಿಟ್ಟಿದ್ದ ಪದ. ಬುದ್ಧಿಗಿಂತ ಊಹೆಯೇ ಜಾಸ್ತಿ.

ಬಾಂಬೆ ರಾಜ್ಯದ ಜನ ಫಾರಂ ತುಂಬಿ ದುಡ್ಡು ಕೊಟ್ರೆ ಅಲ್ಲಿನ ಕಲೆಕ್ಟರ್‌ಗಳು (ಡಿಸಿ ಸಾಹೇಬ್ರಲ್ಲ, ಫಾರಂ ಸಂಗ್ರಹ ಮಾಡೋ ಏಜೆಂಟರು) ಒಟ್ಟು ಮಾಡಿ ಬೆಂಗಳೂರಿಗೆ ಕಳಿಸೋರು. ಇದನ್ನ ಇವತ್ತಿನ ಭಾಷೆಯಲ್ಲಿ ಹೇಳಿದ್ರೆ: ಡೇಟಾ ಹುಟ್ಟೋದು ಬಾಂಬೆಯಲ್ಲಿ, ಸರ್ವರ್ ಇರೋದು ಬೆಂಗಳೂರಿನಲ್ಲಿ. ತೆರಿಗೆ ಯಾರಿಗೆ ಸೇರಬೇಕು? 1948ರ ಬಾಂಬೆ ಕಾಯ್ದೆಗೆ 1952ರಲ್ಲಿ ತಿದ್ದುಪಡಿ ತಂದು, ಹೊರ ರಾಜ್ಯದಲ್ಲಿ ಅಚ್ಚಾಗೋ ಪತ್ರಿಕೆಯ ಸ್ಪರ್ಧೆಗೂ ತೆರಿಗೆ ಹಾಕಿದ್ರು. ಕಂಪನಿ ಕೋರ್ಟಿಗೆ ಹೋಯ್ತು: ನಾವು ವ್ಯಾಪಾರ ಮಾಡ್ತಿರೋದು, ವ್ಯಾಪಾರ ಮಾಡೋ ಹಕ್ಕು ಸಂವಿಧಾನ ಕೊಟ್ಟಿದೆ, ಅದಲ್ಲದೆ ನಾವಿರೋದು ಮೈಸೂರು ರಾಜ್ಯದಲ್ಲಿ.

1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಫಾರಂ, ದುಡ್ಡು ಬಾಂಬೆಯಲ್ಲಿ ಸಂಗ್ರಹ ಆದ್ರೆ ಬಾಂಬೆ ರಾಜ್ಯ ತೆರಿಗೆ ಹಾಕಬಹುದು. ಜೂಜು ಸಂವಿಧಾನ ರಕ್ಷಿಸೋ ವ್ಯಾಪಾರ ಅಲ್ಲವೇ ಅಲ್ಲ ಅಂತು. ಇವತ್ತಿಗೂ ಆನ್‌ಲೈನ್ ಗೇಮ್ ಕೇಸುಗಳಲ್ಲಿ ವಕೀಲರು ಈ ತೀರ್ಪನ್ನ ಎತ್ತದೇ ಇರಲ್ಲ.

ಇದರ ಜೊತೆ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಇದೆ. ಅದರಲ್ಲಿ ನನಗೆ ಕುತೂಹಲ ಅನ್ನಿಸಿದ್ದು ಎರಡು ಮಿತಿ. ಒಂದು ತಿಂಗಳಲ್ಲಿ ಕೊಡೋ ಬಹುಮಾನ 1,000 ರೂಪಾಯಿ ಮೀರಬಾರದು. ಒಂದು ಸ್ಪರ್ಧೆಗೆ ಬರೋ ಎಂಟ್ರಿ 2,000 ದಾಟಬಾರದು. ಎರಡನೇದನ್ನ ಗಮನಿಸಿ. ಬಹುಮಾನಕ್ಕೆ ಮಿತಿ ಹಾಕೋದು ಯಾರಿಗಾದ್ರೂ ಹೊಳೆಯುತ್ತೆ. ಎಂಟ್ರಿಗೆ ಮಿತಿ ಹಾಕಿದವರಿಗೆ ಈ ವ್ಯವಹಾರದ ಗುಟ್ಟು ಗೊತ್ತಿತ್ತು ಅಂತ ನನಗನ್ನಿಸುತ್ತೆ. ದುಡ್ಡು ಇರೋದು ದೊಡ್ಡ ಬಾಜಿಯಲ್ಲಿ ಅಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಚೀಟಿಗಳನ್ನ ಒಟ್ಟು ಮಾಡೋ ತಾಕತ್ತಿನಲ್ಲಿ.

ಭಾಗ 6

ಹಾಗಾದ್ರೆ ಬೆಂಗಳೂರು ರೇಸ್‌ಕೋರ್ಸಿನಲ್ಲಿ ಬಾಜಿ ಕಟ್ಟಿದ್ರೆ ಪೊಲೀಸ್ ಯಾಕೆ ಹಿಡಿಯಲ್ಲ? ಜಗಳೂರಿನ ಗೂಡಂಗಡಿ ಹಿಂದೆ ಚೀಟಿ ಬರೆದ್ರೆ ಯಾಕೆ ಹಿಡೀತಾರೆ? ಈ ಪ್ರಶ್ನೆ ನನಗೆ ಪಿಯುಸಿಯಿಂದ ಇತ್ತು.

ಉತ್ತರ 1963ರ ಪೊಲೀಸ್ ಕಾಯ್ದೆಯಲ್ಲೇ ಇದೆ. ಜೂಜು ಅಂದ್ರೇನು ಅಂತ ಹೇಳೋ ಜಾಗದಲ್ಲೇ ಕುದುರೆ ರೇಸನ್ನ ಹೊರಗಿಟ್ಟಿದ್ದಾರೆ, ಆದ್ರೆ ಷರತ್ತಿನ ಮೇಲೆ: ಲೈಸೆನ್ಸ್ ಇರೋ ರೇಸ್‌ಕೋರ್ಸ್ ಆಗಿರಬೇಕು, ರೇಸ್ ನಡೆಯೋ ದಿನವೇ ಕಟ್ಟಬೇಕು, ಅದಕ್ಕಂತ ಬೇರೆ ಮಾಡಿರೋ ಆವರಣದಲ್ಲೇ ಕಟ್ಟಬೇಕು. ಲೈಸೆನ್ಸ್ ಬರೋದು 1952ರ ಮೈಸೂರು ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಿಂದ. ತೆರಿಗೆ ಇನ್ನೂ ಹಳೇದು, ಮಹಾರಾಜರ ಕಾಲದ 1932ರ ಮೈಸೂರು ಬೆಟ್ಟಿಂಗ್ ಟ್ಯಾಕ್ಸ್ ಕಾಯ್ದೆ. ಅದರಲ್ಲಿ ಟೋಟಲೈಸೇಟರ್ ಅನ್ನೋ ಪದ ಆಗ್ಲೇ ಇದೆ. 1996ರಲ್ಲಿ ಸುಪ್ರೀಂ ಕೋರ್ಟ್ ಮದ್ರಾಸಿನ ಕೇಸಿನಲ್ಲಿ, ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತಲೂ ಹೇಳಿತು. ತಳಿ, ಸವಾರ, ತೂಕ ಎಲ್ಲ ಓದ್ಕೊಂಡು ಅಂದಾಜು ಮಾಡಬಹುದು ಅನ್ನೋ ಕಾರಣಕ್ಕೆ.

ಜಿಎಸ್‌ಟಿ ಪೇಪರ್ ಇರೋರು ಮುಂದಿನದ್ದನ್ನ ಸೇವ್ ಮಾಡ್ಕೊಳ್ಳಿ. ನಮ್ಮ ನಾಲ್ಕು ಕುದುರೆ ರೇಸಿನಲ್ಲಿ 10,000 ಒಟ್ಟಾಯ್ತಲ್ಲ, ಅದರಲ್ಲಿ ಕ್ಲಬ್ಬಿನ ಆದಾಯ ಯಾವುದು? ಇಡೀ ಹತ್ತು ಸಾವಿರವೋ, ಬರೀ ಕಮಿಷನ್ನೋ? ಜಿಎಸ್‌ಟಿ ನಿಯಮ 31ಎ(3) ಪೂರ್ತಿ ಬಾಜಿ ಮೊತ್ತದ ಮೇಲೇ ತೆರಿಗೆ ಅಂತು. ಬೆಂಗಳೂರು ಟರ್ಫ್ ಕ್ಲಬ್ ಹೈಕೋರ್ಟಿಗೆ ಹೋಯ್ತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ನಿಯಮವನ್ನ ರದ್ದು ಮಾಡಿದ್ರು. ಟೋಟಿನ ದುಡ್ಡು ಸ್ವಲ್ಪ ಹೊತ್ತು ಕ್ಲಬ್ಬಿನ ಕೈಯಲ್ಲಿರುತ್ತೆ, ಅದು ನಂಬಿಕೆ ಮೇಲೆ ಇಟ್ಟಿರೋ ದುಡ್ಡು, ಗೆದ್ದವರಿಗೆ ಹೋಗ್ಬೇಕಾದ್ದು. ತೆರಿಗೆ ಕಮಿಷನ್ ಮೇಲೆ ಮಾತ್ರ. ಅಡಿಕೆ ಮಂಡಿಯ ದಲ್ಲಾಳಿಯನ್ನ ಯೋಚಿಸಿ: ರೈತನ ಅಡಿಕೆ ಮಾರಿ ಬಂದ ಪೂರ್ತಿ ದುಡ್ಡು ದಲ್ಲಾಳಿಯ ಆದಾಯ ಅಂತ ಯಾರಾದ್ರೂ ಅಂತಾರಾ?

ಆಮೇಲೆ ಸಂಸತ್ತು ಕಾನೂನನ್ನೇ ತಿದ್ದಿತು. 2023ರ ಅಕ್ಟೋಬರ್ 1ರಿಂದ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ ಅದು 40. ಲೆಕ್ಕದ ದೃಷ್ಟಿಯಿಂದ ನನಗೆ ಹೈಕೋರ್ಟ್ ಹೇಳಿದ್ದೇ ಸರಿ ಅನ್ನಿಸುತ್ತೆ. ಜೂಜನ್ನ ಕಡಿಮೆ ಮಾಡಬೇಕು ಅನ್ನೋ ದೃಷ್ಟಿಯಿಂದ ಸರ್ಕಾರದ ದಾರಿ ಅರ್ಥ ಆಗುತ್ತೆ. ಕಾಮೆಂಟ್‌ನಲ್ಲಿ ಜಗಳ ಆಡೋಣ.

ಭಾಗ 7

ಎಂಎಸ್‌ಐಎಲ್ ಅಂದ್ರೆ ನಿಮಗೇನು ನೆನಪಾಗುತ್ತೆ? ನನಗೆ ಲೇಖಕ್ ನೋಟ್‌ಬುಕ್. ನಮ್ಮ ಅಪ್ಪನ ಸ್ನೇಹಿತರಿಗೆ ಲಾಟರಿ. ಅದೇ ಸರ್ಕಾರಿ ಕಂಪನಿ ಕರ್ನಾಟಕ ರಾಜ್ಯ ಲಾಟರಿಯನ್ನೂ ಮಾರುಕಟ್ಟೆಗೆ ಬಿಡ್ತಿತ್ತು.

ನಮ್ಮ ದೊಡ್ಡಪ್ಪ ಹೊನ್ನಾಳಿಯಲ್ಲಿ ಬೀಡಿ, ಎಲೆಅಡಿಕೆ ಜೊತೆ ಪೇಪರ್ ಲಾಟರಿ ಟಿಕೆಟ್ಟೂ ಮಾರ್ತಿದ್ರು. ಹಗ್ಗಕ್ಕೆ ಕ್ಲಿಪ್ ಹಾಕಿ ಸಾಲಾಗಿ ನೇತುಹಾಕೋದು. ಡ್ರಾ ಆದ ಮಾರನೇ ದಿನ ಪೇಪರಿನಲ್ಲಿ ನಂಬರು ಬಂದ್ರೆ ಅಂಗಡಿ ಮುಂದೆ ಗುಂಪು. ಇಲ್ಲಿ ನಂಬರು ಮೊದಲೇ ಅಚ್ಚಾಗಿ ಬಂದಿರುತ್ತೆ, ಹಾಗಾಗಿ ಏನನ್ನೂ ಬರ್ಕೊಳ್ಳೋ ಕೆಲಸ ಇಲ್ಲ.

2002ರಲ್ಲಿ ಆಟ ಬದಲಾಯ್ತು. ಎಸ್ಸೆಲ್ ಗುಂಪಿನ ಪ್ಲೇವಿನ್ ಬಂತು, ಸಿಕ್ಕಿಂ ಸರ್ಕಾರದ ಲಾಟರಿ ಹೆಸರಿನಲ್ಲಿ. 49 ಅಂಕಿಯಲ್ಲಿ 6 ಅಂಕಿ ನೀವೇ ಆರಿಸ್ಬೇಕು. ಈಗ ಬರ್ಕೊಳ್ಳೋ ಕೆಲಸ ಬಂತು! ಅಂಗಡಿಯಲ್ಲಿ ಒಂದು ಪುಟ್ಟ ಯಂತ್ರ, ಅಲ್ಲಿಂದ ಕೇಂದ್ರದ ಕಂಪ್ಯೂಟರಿಗೆ ಸಂಪರ್ಕ. ನೀವು ಹೇಳಿದ ಅಂಕಿ ಅಲ್ಲಿಗೆ ಹೋಗಿ ದಾಖಲಾದ ಮೇಲೇ ಟಿಕೆಟ್ ಅಚ್ಚಾಗಿ ಹೊರಗೆ ಬರಬೇಕು. ಡ್ರಾಗೆ ಮುಂಚೆ ಎಲ್ಲ ಯಂತ್ರಕ್ಕೂ ಒಟ್ಟಿಗೆ ಬೀಗ. ಭಾಗ 3 ನೆನಪಾಯ್ತಾ? ಜೂಲಿಯಸ್‌ನ ಪಿಯಾನೋ ತಂತಿಯ ಜಾಗದಲ್ಲಿ ಉಪಗ್ರಹ, ಅಷ್ಟೇ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಜೂಲಿಯಸ್‌ನ ಬೋರ್ಡು ತೋರಿಸ್ತಿದ್ದದ್ದು ಯಾವ ಕುದುರೆ ಮೇಲೆ ಎಷ್ಟು ದುಡ್ಡು ಬಿದ್ದಿದೆ ಅನ್ನೋದನ್ನ. ಲಾಟರಿ ಜಾಹೀರಾತು ತೋರಿಸ್ತಿದ್ದದ್ದು ಜಾಕ್‌ಪಾಟ್ ಎಷ್ಟು ಕೋಟಿ ಅನ್ನೋದನ್ನ. 49ರಲ್ಲಿ 6 ಆರಿಸೋಕೆ 1,39,83,816 ದಾರಿ ಇದೆ. ಸ್ಟ್ಯಾಟಿಸ್ಟಿಕ್ಸ್ ಮೇಡಂ ಇದನ್ನ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ ದಿನ ಇಡೀ ಕ್ಲಾಸ್ ಸುಮ್ಮನಾಗಿತ್ತು.

ಕೂಲಿ ದುಡ್ಡು ಮನೆಗೆ ಬರೋ ಮುಂಚೆ ಲಾಟರಿ ಅಂಗಡಿಗೆ ಹೋಗ್ತಿದೆ ಅನ್ನೋ ಕೂಗು ರಾಜ್ಯದೆಲ್ಲೆಡೆ ಎದ್ದಿತ್ತು. ಆದ್ರೆ ಹೊರ ರಾಜ್ಯದ ಲಾಟರಿಯನ್ನ ಮಾತ್ರ ನಿಲ್ಲಿಸ್ತೀವಿ, ನಮ್ಮದು ಇರಲಿ ಅನ್ನೋ ಹಾಗಿರಲಿಲ್ಲ. 1998ರ ಲಾಟರಿ ಕಾಯ್ದೆಯನ್ನ ಎತ್ತಿ ಹಿಡಿದ 1999ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿತ್ತು: ಬೇರೆಯವರದ್ದು ನಿಲ್ಲಿಸಬೇಕಿದ್ರೆ ಮೊದಲು ನಿಮ್ಮದನ್ನ ನಿಲ್ಲಿಸಿ. ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಅದನ್ನೇ ಮಾಡಿತು. 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಪೇಪರ್ರೂ ಇಲ್ಲ, ಆನ್‌ಲೈನೂ ಇಲ್ಲ. ನನಗಾಗ ಎರಡು ವರ್ಷ.

ದೊಡ್ಡಪ್ಪನ್ನ ಕೇಳ್ದೆ, ವ್ಯಾಪಾರ ಹೋಯ್ತು ಅಂತ ಬೇಜಾರಾಗ್ಲಿಲ್ವಾ ಅಂತ. "ಆಗಿತ್ತಪ್ಪ ಮತ್ತೆ. ಯಾರಿಗೆ ಬಹುಮಾನ ಬಂತು ಅಂತ ಊರಿಗೆಲ್ಲ ಗೊತ್ತಿರ್ತಿತ್ತು. ಯಾರು ಎಷ್ಟು ಕಳ್ಕಂಡ್ರು ಅಂತ ನಂಗೊಬ್ಬನಿಗೆ ಗೊತ್ತಿರ್ತಿತ್ತು. ಅದೂ ಒಂಥರಾ ಭಾರನೇ ಕಣೋ" ಅಂದ್ರು. ಅವರು ಜಾಸ್ತಿ ಮಾತಾಡೋರಲ್ಲ, ಮತ್ತೆ ಟಿವಿ ಕಡೆ ತಿರುಗಿದ್ರು.

ಭಾಗ 8

ಉಳಿದದ್ದು ಫೋನು. ಇದರ ಇತಿಹಾಸ ಬರೆಯೋಕೆ ನಮಗೆಲ್ಲ ಗೊತ್ತಿರೋದರಿಂದ ಬೇಗ ಮುಗಿಸ್ತೀನಿ.

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧ ಮಾಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಕೌಶಲದ ಆಟವನ್ನ ಜೂಜಿನ ಜೊತೆ ಸೇರಿಸೋ ಹಾಗಿಲ್ಲ ಅಂತ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡಿಸೋ ಹಾಗಿಲ್ಲ, ಜಾಹೀರಾತು ಕೊಡೋ ಹಾಗಿಲ್ಲ, ಬ್ಯಾಂಕು ಆ ದುಡ್ಡು ದಾಟಿಸೋ ಹಾಗಿಲ್ಲ. ಆಡಿದವನಿಗೆ ಶಿಕ್ಷೆ ಇಲ್ಲ, ಆಡಿಸಿದವನಿಗೆ ಇದೆ. ಅದರ ವಿರುದ್ಧ ಹೋದ ಕೇಸುಗಳನ್ನ ಸುಪ್ರೀಂ ಕೋರ್ಟ್ ತನ್ನ ಹತ್ತಿರ ಕರೆಸ್ಕೊಂಡಿದೆ.

ಅದಕ್ಕೂ ಮುಂಚೆ ನಮ್ಮ ಹಾಸ್ಟೆಲ್‌ನಲ್ಲಿ ಐಪಿಎಲ್ ಟೈಮಲ್ಲಿ ಹೇಗಿರ್ತಿತ್ತು ಗೊತ್ತಲ್ಲ. ಟೀಮ್ ಕಟ್ಟೋದು, ಟಾಸ್ ಆದ ಮೇಲೆ ಬದಲಾಯಿಸೋದು. ಒಂದು ಮಾತು ನ್ಯಾಯವಾಗಿ ಹೇಳ್ಬೇಕು: ಆ ಫ್ಯಾಂಟಸಿ ಸ್ಪರ್ಧೆಗಳಲ್ಲಿ ಮೊತ್ತ ಬಚ್ಚಿಟ್ಟಿರಲಿಲ್ಲ. ಎಷ್ಟು ಸೀಟು, ಒಂದು ಸೀಟಿಗೆ ಎಷ್ಟು, ಬಹುಮಾನ ಒಟ್ಟು ಎಷ್ಟು ಎಲ್ಲ ಸ್ಕ್ರೀನ್ ಮೇಲೇ ಇರ್ತಿತ್ತು. ಸೀಟನ್ನ ದರದಿಂದ ಗುಣಿಸಿ ಬಹುಮಾನ ಕಳೆದ್ರೆ ಕಂಪನಿಯ ಪಾಲು ಸಿಗ್ತಿತ್ತು. ಜೂಲಿಯಸ್‌ನ ಬೋರ್ಡಿನಷ್ಟೇ ಪಾರದರ್ಶಕ. ಅರವತ್ತು ಜನ ಬಿಕಾಂ ಹುಡುಗರ ಕ್ಲಾಸಿನಲ್ಲಿ ಗುಣಿಸಿ ನೋಡಿದವರನ್ನ ನಾನಂತೂ ಕಂಡಿಲ್ಲ. ಓವರಿಗೆ ಇಷ್ಟು, ಬಾಲಿಗೆ ಇಷ್ಟು ಅಂತ ಕಟ್ಟಿಸ್ಕೊಳ್ಳೋ ಹೊರದೇಶದ ಆ್ಯಪುಗಳದ್ದು ಬೇರೆ ಕಥೆ, ಅಲ್ಲಿ ಮೊತ್ತ ಯಾರಿಗೂ ಕಾಣಲ್ಲ. ಅದು ಪಕ್ಕಾ ಓಸಿ ಚೀಟಿನೇ, ಬಣ್ಣ ಹಚ್ಚಿರೋದು ಅಷ್ಟೇ.

ಅಂಥದ್ದೇ ಒಂದರಲ್ಲಿ ಆಡ್ತಿದ್ದ ಚನ್ನಗಿರಿ ಕಡೆಯ ಅಣ್ಣ ಒಬ್ಬರು ನನ್ನ ಹತ್ರ ಬಂದಿದ್ರು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. "ಲೆಕ್ಕ ನೋಡೋ, ನಾನೇನು ಅಷ್ಟು ಕಳ್ಕಂಡಿಲ್ಲ, ಒಂದೇ ದಿನ ಒಂಬತ್ತು ಸಾವಿರ ಗೆದ್ದಿದ್ದೆ" ಅಂದ್ರು. ಆ್ಯಪ್ ತೆರೆದ್ರೆ ಮೊದಲ ಪುಟದಲ್ಲೇ ಹಸಿರು ಬಣ್ಣದಲ್ಲಿ ಆ ಒಂಬತ್ತು ಸಾವಿರ. ಇಲ್ಲಿಯ ತನಕ ಎಷ್ಟು ಹಾಕಿದೀರಿ ಅನ್ನೋದು ಎಲ್ಲೂ ಇಲ್ಲ. ಹಾಗಾಗಿ ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ, ಹನ್ನೊಂದು ತಿಂಗಳದ್ದನ್ನ ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿ ಕೂರಿಸ್ದೆ. ಹೋಗಿದ್ದು ಎಡಕ್ಕೆ, ಬಂದದ್ದು ಬಲಕ್ಕೆ. ನೂರು, ಇನ್ನೂರು, ಐನೂರು, ಸಣ್ಣ ಸಣ್ಣವು, ಒಂದೇ ರಾತ್ರಿ ಏಳೆಂಟು. ಎಡಗಡೆ 61,400. ಬಲಗಡೆ ಆ ಒಂಬತ್ತು ಸಾವಿರವೂ ಸೇರಿ 22,850. ಅಣ್ಣ ತುಂಬ ಹೊತ್ತು ನೋಡ್ತಾ ಕೂತ್ರು. ಆಮೇಲೆ "ಇದನ್ನ ಪ್ರಿಂಟ್ ಹಾಕ್ಕೊಡ್ತೀಯಾ, ಅಮ್ಮಂಗೆ ನಾನೇ ತೋರಿಸ್ತೀನಿ" ಅಂದ್ರು.

ಆ ಎಕ್ಸೆಲ್ ಶೀಟಿನ ಖಾಲಿ ನಮೂನೆ ಬೇಕು ಅನ್ನೋರು ಮೆಸೇಜ್ ಮಾಡಿ, ಕಳಿಸ್ತೀನಿ. ಯಾರಿಗೆ ಅಂತ ಕೇಳಲ್ಲ. ಮುಂದಿನ ಸೀರೀಸ್ ಸೂಳೆಕೆರೆ ಬಗ್ಗೆ. ಚನ್ನಗಿರಿಯವರ ಹತ್ರ ಹಳೇ ಫೋಟೋ ಇದ್ರೆ ಕೊಡಿ, ಹೆಸರು ಹಾಕೇ ಹಾಕ್ತೀನಿ.